‘ಕಪೋಟಿ’ ನೋಡಿದಿರಾ? ಆ ಮನುಷ್ಯನನ್ನು ಕ್ಷಮಿಸಲು ಆಗುತ್ತಿಲ್ಲ, ಮರೆಯಲೂ ಆಗುತ್ತಿಲ್ಲ

ಹೇಮಾವತಿ ದಂಡೆ (ಹಾಸನ)

ಹೋದ ಭಾನುವಾರ ಸಂಜೆ ಗೆಳತಿಯ ಮನೆ ಮಹಡಿಯಲ್ಲಿ ಗೋಡೆಗೆ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರ್ ಹಾಕಿಕೊಂಡು ‘ಕಪೋಟಿ’ ನೋಡಿದೆವು. ಹನ್ನೊಂದು ಜನ ಇದ್ದೆವು. ಮುಗಿದ ಮೇಲೆ ಕಾಫಿ ಕುಡಿಯುತ್ತಾ ಹೆಚ್ಚುಕಡಿಮೆ ಎಲ್ಲರದೂ ಒಂದೇ ಮಾತು: ‘ಒಂದಾದರೂ ಒಳ್ಳೆ ಗುಣ ಇದೆಯಾ ಅವನಲ್ಲಿ? ಇಂಥವನ ಮೇಲೆ ಯಾಕೆ ಸಿನಿಮಾ ಮಾಡಬೇಕಿತ್ತು?’ ನಾನು ಅಲ್ಲಿ ಏನೂ ಹೇಳಲಿಲ್ಲ. ಮನೆಗೆ ಬಂದು ಮಲಗಿದರೆ ನಿದ್ದೆ ಹತ್ತಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಓದಿ.

ನೋಡದವರಿಗೆ ಕಥೆ ಚುಟುಕಾಗಿ ಹೇಳುತ್ತೇನೆ. 1959ರ ನವೆಂಬರ್ 15ರಂದು ಅಮೆರಿಕದ ಕಾನ್ಸಾಸ್ ರಾಜ್ಯದ ಹಾಲ್ಕಮ್ ಎಂಬ ಸಣ್ಣ ಊರಲ್ಲಿ ಕ್ಲಟರ್ ಎಂಬ ರೈತ ಕುಟುಂಬದ ನಾಲ್ವರನ್ನು ಅವರ ಮನೆಯಲ್ಲೇ ಕೊಂದರು. ಆಗಲೇ ಹೆಸರು ಮಾಡಿದ್ದ ಟ್ರೂಮನ್ ಕಪೋಟಿ ಎಂಬ ಬರಹಗಾರ ಪೇಪರಿನಲ್ಲಿ ಆ ಸಣ್ಣ ಸುದ್ದಿ ಓದಿ, ಬಾಲ್ಯದ ಗೆಳತಿ, ಬರಹಗಾರ್ತಿ ಹಾರ್ಪರ್ ಲೀ ಜೊತೆ ನ್ಯೂಯಾರ್ಕಿನಿಂದ ಅಲ್ಲಿಗೆ ಹೋದ. ಹೋಗಿದ್ದು ಪತ್ರಿಕೆಗೆ ಒಂದು ಲೇಖನ ಬರೆಯಲಿಕ್ಕೆ. ಅದೇ ಬೆಳೆದು ‘ಇನ್ ಕೋಲ್ಡ್ ಬ್ಲಡ್’ ಎಂಬ ಪುಸ್ತಕವಾಯಿತು. ಸಿನಿಮಾ ಅಷ್ಟು ವರ್ಷಗಳದ್ದು ಮಾತ್ರ. ಅವನ ಹುಟ್ಟು, ಬಾಲ್ಯ ಯಾವುದನ್ನೂ ತೋರಿಸುವುದಿಲ್ಲ. 2005ರ ಸಿನಿಮಾ, ನಿರ್ದೇಶಕ ಬೆನೆಟ್ ಮಿಲ್ಲರ್. ಕಪೋಟಿಯಾಗಿ ಫಿಲಿಪ್ ಸೀಮೂರ್ ಹಾಫ್‌ಮನ್.

ಶುರುವಿನಲ್ಲೇ ಒಂದು ದೃಶ್ಯ ಬರುತ್ತದೆ. ರೈಲಿನಲ್ಲಿ ಸಾಮಾನು ಇಡಲು ಬಂದ ಆಳು ‘ನಿಮ್ಮಂಥ ದೊಡ್ಡ ಬರಹಗಾರರು ನಮ್ಮ ಗಾಡಿಯಲ್ಲಿ ಬಂದದ್ದು ನಮ್ಮ ಭಾಗ್ಯ’ ಅನ್ನುವ ಹಾಗೆ ಹೊಗಳುತ್ತಾನೆ. ಅವನು ಆಚೆ ಹೋದ ತಕ್ಷಣ ಲೀ ನಗುತ್ತಾಳೆ: ಹಾಗೆ ಹೇಳು ಅಂತ ನೀನೇ ದುಡ್ಡು ಕೊಟ್ಟಿದ್ದೀಯ. ನಮ್ಮ ಮಹಡಿಯಲ್ಲೂ ಎಲ್ಲರೂ ನಕ್ಕರು. ಅಲ್ಲಿಂದ ಮುಂದೆ ಇವನು ಯಾರ ಹತ್ತಿರ ಏನು ಹೇಳಿದರೂ ನಂಬಲಿಕ್ಕೆ ಆಗುವುದಿಲ್ಲ.

ಆದರೂ ಕೊಲೆಗಾರರಲ್ಲಿ ಒಬ್ಬನಾದ ಪೆರ್ರಿ ಸ್ಮಿತ್ ಅವನನ್ನು ನಂಬುತ್ತಾನೆ. ಪೆರ್ರಿ ಜೈಲಿನಲ್ಲಿ ಊಟ ಬಿಟ್ಟು ಮಲಗಿದ್ದಾಗ ಕಪೋಟಿ ಎಳೆ ಮಕ್ಕಳಿಗೆ ತಿನ್ನಿಸುವ ನುಣ್ಣನೆಯ ಆಹಾರದ ಡಬ್ಬಿ ತಂದು, ಪಕ್ಕದಲ್ಲಿ ಕೂತು, ಚಮಚದಲ್ಲಿ ತಿನ್ನಿಸುತ್ತಾನೆ. ಅವನ ಕೈ ನೋಡಿ. ತುಂಬ ನಿಧಾನ, ತುಂಬ ಅಕ್ಕರೆ. ಅದು ನಾಟಕವೋ ನಿಜವೋ ಅಂತ ನನಗೆ ಕೊನೆಯವರೆಗೂ ಹೇಳಲು ಆಗಲಿಲ್ಲ. ಎರಡೂ ಅಂತಲೇ ನನ್ನ ನಂಬಿಕೆ. ಯಾಕೆಂದರೆ ಇನ್ನೊಂದು ಕಡೆ ಅವನು ಹೇಳುವ ಮಾತು ಇದೆ: ನಾವಿಬ್ಬರೂ ಒಂದೇ ಮನೆಯಲ್ಲಿ ಬೆಳೆದ ಹಾಗಿದೆ, ಒಂದು ದಿನ ಅವನು ಹಿತ್ತಿಲ ಬಾಗಿಲಿಂದ ಹೋದ, ನಾನು ಮುಂಬಾಗಿಲಿಂದ ಹೋದೆ.

ಆಮೇಲೆ ಶುರುವಾಗುವುದು ಕಾಯುವಿಕೆ. ಇಬ್ಬರು ಕೊಲೆಗಾರರಿಗೂ 1960ರಲ್ಲೇ ಗಲ್ಲು ಶಿಕ್ಷೆಯ ತೀರ್ಪು ಆಗಿದೆ, ಮೇಲ್ಮನವಿಗಳಿಂದ ಮುಂದೆ ಹೋಗುತ್ತಲೇ ಇದೆ. ಅವರು ಸಾಯದೆ ಪುಸ್ತಕಕ್ಕೆ ಕೊನೆ ಇಲ್ಲ. ಮೊದಲು ಅವರಿಗೆ ವಕೀಲರನ್ನು ಹುಡುಕಿಕೊಟ್ಟವನೇ ಆಮೇಲೆ ಅವರ ಕಾಗದಕ್ಕೆ ಉತ್ತರ ಕೊಡುವುದನ್ನು ನಿಲ್ಲಿಸುತ್ತಾನೆ. 1965ರ ಏಪ್ರಿಲ್ 14ರಂದು ಇಬ್ಬರಿಗೂ ಗಲ್ಲಾಗುತ್ತದೆ. ಆ ಮೇಲೆ ಫೋನಿನಲ್ಲಿ ‘ಅವರನ್ನು ಉಳಿಸಲು ನನ್ನಿಂದ ಏನೂ ಆಗುತ್ತಿರಲಿಲ್ಲ’ ಅನ್ನುತ್ತಾನೆ. ಲೀ ಹೇಳುವುದು ಇಷ್ಟೇ: ಇರಬಹುದು, ಆದರೆ ಉಳಿಸುವುದು ನಿನಗೆ ಬೇಕಿರಲಿಲ್ಲ.

ಈಗ ನನ್ನ ಮಾತು. 1998ರ ಮಾರ್ಚಿನಲ್ಲಿ ಸಕಲೇಶಪುರದ ಆಚೆ ಒಂದು ತೋಟದಲ್ಲಿ ಮೆಣಸು ಕೊಯ್ಯುವಾಗ ನನ್ನ ಅಣ್ಣನ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿತು. ಅವನಿಗೆ ಇಪ್ಪತ್ತೆರಡು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಒಂದಲ್ಲ ಒಂದು ತೋಟದಲ್ಲಿ ಈಗಲೂ ಆಗುತ್ತಲೇ ಇದೆ. ಕರೆಂಟಿನವರು ಬಂದು ಕಂಬದ ನಂಬರ್ ಕೇಳಿದರು. ತೋಟದವರು ಕಾಗದಕ್ಕೆ ಹೆಬ್ಬೆಟ್ಟು ಕೇಳಿದರು. ಮಳೆ ಹಿಡಿದ ಮೇಲೆ ಬೆಂಗಳೂರಿನಿಂದ ಒಬ್ಬ ಬರಹಗಾರರು ಬಂದರು. ಮೂರು ದಿನ ನಮ್ಮ ಜಗಲಿಯಲ್ಲಿ ಕೂತರು. ಅವ್ವ ಮಾಡಿದ ಅಕ್ಕಿರೊಟ್ಟಿ, ಕಳಲೆ ಪಲ್ಯ ತಿಂದರು. ‘ಅಮ್ಮಾ, ಅವನಿಗೆ ಏನು ಇಷ್ಟ ಇತ್ತು? ಬೆಳಗ್ಗೆ ಎದ್ದರೆ ಮೊದಲು ಏನು ಮಾಡುತ್ತಿದ್ದ?’ ಅಂತ ಕೇಳಿದರು. ಅವ್ವ ಟ್ರಂಕು ತೆಗೆದು ಅವನ ನೀಲಿ ಅಂಗಿ ತೋರಿಸಿದಳು. ಕಾಲರಿನ ಒಳಗೆ ಬೆವರಿನ ಕಲೆ ಹಾಗೇ ಇತ್ತು. ಒಗೆದಿರಲಿಲ್ಲ. ಆ ಮನುಷ್ಯ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಅದೇ ಮಡಿಕೆಗೆ ಮಡಚಿ ವಾಪಸ್ ಕೊಟ್ಟರು.

ಪುಸ್ತಕ ಕಳಿಸುತ್ತೇನೆ ಅಂದಿದ್ದರು, ಕಳಿಸಲಿಲ್ಲ. ದೀಪಾವಳಿ ಹೊತ್ತಿಗೆ ಸ್ಕೂಲಿನ ಮೇಷ್ಟ್ರು ಲೈಬ್ರರಿಯಲ್ಲಿ ಕಂಡದ್ದನ್ನು ತಂದುಕೊಟ್ಟರು. ತೋಟದ ಹೆಸರು ಬದಲಾಯಿಸಿದ್ದರು. ನಮ್ಮ ಊರು, ಅವ್ವನ ಹೆಸರು ಇದ್ದ ಹಾಗೇ ಇತ್ತು. ಆ ತೋಟದಲ್ಲಿ ಅವ್ವನಿಗೆ ಮತ್ತೆ ಕೆಲಸ ಸಿಗಲಿಲ್ಲ. ನಾನು ಕಾಗದ ಬರೆದೆ, ಎರಡು ಸಲ. ಉತ್ತರ ಬರಲಿಲ್ಲ.

ನಾನು ಆ ಬರಹಗಾರರನ್ನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ಅವ್ವ ಆ ಪುಸ್ತಕವನ್ನು ಟ್ರಂಕಿನಲ್ಲಿ ಅಣ್ಣನ ಅಂಗಿ ಕೆಳಗೆ ಇಟ್ಟುಕೊಂಡಿದ್ದಳು. ಓದಲು ಬಾರದವಳು. ನಾನು ಬೈದರೆ ‘ಕೇಳಿದ್ದು ಅವನೊಬ್ಬನೇ ಕಣೇ’ ಅನ್ನುತ್ತಿದ್ದಳು. ಪೆರ್ರಿ ಬಾಯಿ ತೆರೆದು ಚಮಚ ತೆಗೆದುಕೊಂಡಾಗ ನನಗೆ ಅವ್ವನ ಈ ಮಾತು ಕೇಳಿಸಿತು. ಒಳ್ಳೆಯ ಗುಣ ಇಲ್ಲದ ಮನುಷ್ಯನ ಮೇಲೆ ಸಿನಿಮಾ ಯಾಕೆ ಅಂದವರಿಗೆ ನನ್ನ ಉತ್ತರ ಇದು. ಅವನು ಕಿವಿಗೊಟ್ಟಿದ್ದು ಸುಳ್ಳಲ್ಲ, ಕದ್ದಿದ್ದೂ ಸುಳ್ಳಲ್ಲ. ಎರಡನ್ನೂ ಒಂದೇ ಮುಖದಲ್ಲಿ ತೋರಿಸಿದ ಸಿನಿಮಾ ನಾನು ಬೇರೆ ನೋಡಿಲ್ಲ.

---

ಕಡೂರು ಬಯಲು

ಅಕ್ಕ, ನಿಮ್ಮ ಅಣ್ಣನ ವಿಷಯ ಓದಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ.

ಸಿನಿಮಾ ಬಗ್ಗೆ ಮಾತ್ರ ನನ್ನದು ಬೇರೆ ಅಭಿಪ್ರಾಯ. ಬಹಳ ನಿಧಾನ ಅನ್ನಿಸಿತು. ಮಂಕು ಬಣ್ಣ, ಬಯಲು, ಮೋಡ, ಮೌನ. ಅದಕ್ಕಿಂತ ಹೆಚ್ಚಾಗಿ, ಅವನು ಎಷ್ಟು ಒಳ್ಳೆಯ ಬರಹಗಾರ ಅನ್ನುವುದೇ ಸಿನಿಮಾದಲ್ಲಿ ಕಾಣುವುದಿಲ್ಲ. ಪಾರ್ಟಿಯಲ್ಲಿ ಕಥೆ ಹೇಳಿ ನಗಿಸುತ್ತಾನೆ, ಕುಡಿಯುತ್ತಾನೆ, ಸುಳ್ಳು ಹೇಳುತ್ತಾನೆ. ಬರೆಯಲು ಕೂತದ್ದು ಎಷ್ಟು ನಿಮಿಷ ಇದೆ? ಗೆಳತಿ ಲೀಯ ಕಾದಂಬರಿಯ ಸಿನಿಮಾ ಬಿಡುಗಡೆಯ ದಿನ ಬಾರಿನಲ್ಲಿ ಮುಖ ಊದಿಸಿಕೊಂಡು ನಿಲ್ಲುತ್ತಾನೆ, ಅವಳು ಕೇಳಿದರೂ ಒಂದು ಒಳ್ಳೆ ಮಾತು ಆಡುವುದಿಲ್ಲ. ಇದನ್ನೆಲ್ಲ ನೋಡಿ ಅವನ ಪುಸ್ತಕ ಓದಬೇಕು ಅಂತ ಯಾರಿಗೆ ಅನ್ನಿಸುತ್ತದೆ? ಸಾಹಿತಿಯ ಮೇಲಿನ ಸಿನಿಮಾ ನೋಡಿದ ಮೇಲೆ ಲೈಬ್ರರಿಗೆ ಹೋಗಬೇಕು ಅನ್ನಿಸದಿದ್ದರೆ ಅದು ಸೋತ ಹಾಗೇ ಅಂತ ನನ್ನ ಭಾವನೆ.

---

ಬಾಬಾಬುಡನ್ ಮೇಷ್ಟ್ರು (ಚಿಕ್ಕಮಗಳೂರು)

ಕಡೂರಿನವರಿಗೆ: ನಾನು ಸಿನಿಮಾ ನೋಡಿದ ಮೇಲೇ ಪುಸ್ತಕ ಓದಿದ್ದು. ನನ್ನ ಪಾಲಿಗೆ ಅದು ಗೆದ್ದಿತು.

ಇಪ್ಪತ್ತೆಂಟು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದ್ದೇನೆ. ನಮ್ಮಲ್ಲಿ ಸಾಹಿತಿ ಅಂದರೆ ಹಾರ, ಶಾಲು, ಫಲತಾಂಬೂಲ. ಜಯಂತಿಯ ದಿನ ಯಾರೂ ದೋಷ ಎತ್ತುವುದಿಲ್ಲ, ಎತ್ತಬಾರದು ಕೂಡ. ಅದೇ ರೂಢಿಯಲ್ಲಿ ಜೀವನಚರಿತ್ರೆಯನ್ನೂ ಬರೆದುಬಿಡುತ್ತೇವೆ, ಸಿನಿಮಾವನ್ನೂ ಹಾಗೇ ನೋಡಲು ಬಯಸುತ್ತೇವೆ. ಹಾಗಾಗಿ ಇಂಥ ಸಿನಿಮಾ ನೋಡಿದಾಗ ನಮಗೆ ಕಸಿವಿಸಿ ಆಗುವುದು ಸಹಜ.

ಪುಸ್ತಕದ ಬಗ್ಗೆ ಒಂದೆರಡು ಮಾತು. 1965ರ ಸೆಪ್ಟೆಂಬರಿನಿಂದ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ನಾಲ್ಕು ಕಂತಾಗಿ ಬಂತು, ಮರುವರ್ಷ ಪುಸ್ತಕವಾಯಿತು. ಗಲ್ಲು ಏಪ್ರಿಲಿನಲ್ಲಿ, ಮೊದಲ ಕಂತು ಸೆಪ್ಟೆಂಬರಿನಲ್ಲಿ. ಐದು ತಿಂಗಳು. ಎಷ್ಟು ಸಿದ್ಧವಾಗಿ ಕಾಯುತ್ತಿದ್ದ ಅಂತ ಇದರಿಂದಲೇ ಅಂದಾಜು ಮಾಡಬಹುದು. ಇದು ನಿಜ ಸಂಗತಿಯ ಕಾದಂಬರಿ, ಒಂದೊಂದು ಪದವೂ ಸತ್ಯ ಅಂತ ಅವನು ಹೇಳಿಕೊಂಡ. ಮಾತಾಡಿಸುವಾಗ ಟೇಪ್ ರೆಕಾರ್ಡರ್ ಇಡುತ್ತಿರಲಿಲ್ಲ, ನೆನಪಿನಿಂದಲೇ ಬರೆದುಕೊಳ್ಳುತ್ತಿದ್ದ. ಸಿನಿಮಾದಲ್ಲಿ ತನ್ನ ನೆನಪು ನೂರಕ್ಕೆ ತೊಂಬತ್ತನಾಲ್ಕು ಅಂತ ಹೆಮ್ಮೆಯಿಂದ ಹೇಳುವುದು ನಿಮಗೆ ನೆನಪಿರಬಹುದು. ಆದರೆ ಪುಸ್ತಕದ ಕೊನೆಯಲ್ಲಿ ತನಿಖೆ ಮಾಡಿದ ಅಧಿಕಾರಿ ಡ್ಯೂಯಿ ಸ್ಮಶಾನದಲ್ಲಿ, ಸತ್ತ ಹುಡುಗಿಯ ಗೆಳತಿಯನ್ನು ಕಾಣುವ ಒಂದು ಪ್ರಸಂಗ ಇದೆ. ತುಂಬ ಸುಂದರವಾಗಿದೆ. ಅದು ನಡೆದೇ ಇಲ್ಲ. ಗಲ್ಲಿನ ಹಗ್ಗದಲ್ಲಿ ಪುಸ್ತಕ ಮುಗಿಸಲು ಮನಸ್ಸು ಬಾರದೆ ಅವನೇ ಕಟ್ಟಿದ್ದು.

ಹಾರ್ಪರ್ ಲೀಯ ಪಾತ್ರ ನನಗೆ ಕಪೋಟಿಗಿಂತ ಹೆಚ್ಚು ಮುಖ್ಯ. ಹಾಲ್ಕಮಿನ ಜನ ಅವನ ಕೀರಲು ದನಿ, ಉದ್ದದ ಸ್ಕಾರ್ಫು ನೋಡಿ ಬಾಗಿಲು ಹಾಕಿಕೊಂಡರೆ, ಅಡುಗೆಮನೆಯವರೆಗೆ ಕರೆಸಿಕೊಂಡದ್ದು ಅವಳು. 1960ರಲ್ಲಿ ಅವಳ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಬಂತು, ಮರುವರ್ಷ ಪುಲಿಟ್ಜರ್ ಸಿಕ್ಕಿತು. ಅವನಿಗೆ ಆ ಪ್ರಶಸ್ತಿ ಕೊನೆಗೂ ಬರಲಿಲ್ಲ. ಅವನು ತನ್ನ ಪುಸ್ತಕವನ್ನು ಅವಳಿಗೆ, ಇನ್ನೊಬ್ಬರ ಜೊತೆ ಸೇರಿಸಿ, ಅರ್ಪಣೆ ಮಾಡಿದ. ಅವಳು ಪಟ್ಟ ಕಷ್ಟಕ್ಕೆ ಅಷ್ಟೇ.

---

ಶಿರಾಡಿ ಮಂಜು

ಹಾಫ್‌ಮನ್ ಬಗ್ಗೆ ಯಾರೂ ಬರೆದಿಲ್ಲವಲ್ಲ! ದಪ್ಪ ದನಿಯ, ದೊಡ್ಡ ಮೈಕಟ್ಟಿನ ಮನುಷ್ಯ ಆ ಸಣ್ಣ ದನಿಗೆ, ಆ ಸಣ್ಣ ಹೆಜ್ಜೆಗೆ ಹೇಗೆ ಇಳಿದರೋ. ಬೇರೆ ಸಿನಿಮಾದಲ್ಲಿ ಅವರನ್ನು ನೋಡಿ ಇದನ್ನು ನೋಡಿದರೆ ಒಬ್ಬನೇ ಮನುಷ್ಯ ಅಂತ ನಂಬುವುದು ಕಷ್ಟ. ಆಸ್ಕರ್ ಬಂದದ್ದು ನ್ಯಾಯವಾಗಿಯೇ ಇದೆ. 2014ರಲ್ಲಿ ತೀರಿಕೊಂಡರು, ಇನ್ನೂ 46 ವರ್ಷ.

---

ಹಳೇ ಟೈಪಿಸ್ಟ್ (ಹಾಸನ)

ಹೇಮಾವತಿ ದಂಡೆಯವರೇ, ನಾನು ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತನಾದವನು. ಸಿನಿಮಾ ನಾನು ನೋಡಿಲ್ಲ, ನೀವು ಬರೆದದ್ದರಿಂದ ತಿಳಿಯಿತು. ಆದರೂ ಒಂದು ವಿಷಯ ಹೇಳಲೇಬೇಕು ಅನ್ನಿಸಿತು.

ಸಾಕ್ಷಿ ಕಟಕಟೆಯಲ್ಲಿ ನಿಂತು ಹೇಳುತ್ತಾರೆ, ಸಾಹೇಬರು ಬರೆಸುತ್ತಾರೆ, ನಾವು ಟೈಪ್ ಮಾಡುತ್ತೇವೆ. ಮುಗಿದ ಮೇಲೆ ಅದನ್ನು ಸಾಕ್ಷಿಗೆ ಓದಿ ಹೇಳಬೇಕು. ದಂಡ ಪ್ರಕ್ರಿಯಾ ಸಂಹಿತೆಯ 278ನೇ ಕಲಂ ಇದ್ದದ್ದೇ ಅದಕ್ಕೆ. ‘ಓದಿ ಹೇಳಿದ್ದನ್ನು ಕೇಳಿದೆ, ಸರಿ ಇದೆ’ ಅಂತ ಆದ ಮೇಲೆ ಸಹಿ ಅಥವಾ ಹೆಬ್ಬೆಟ್ಟು. ಎಷ್ಟೋ ಸಲ ಹಳ್ಳಿಯ ಹೆಂಗಸರು ಅಲ್ಲೇ ತಡೆದದ್ದುಂಟು. ‘ಸ್ವಾಮಿ, ನಾನು ಹಂಗಂದಿಲ್ಲ. ಹೊಡೆದ ಅಂದೆ, ಹೊಡೆದು ಓಡಿಹೋದ ಅಂದಿಲ್ಲ.’ ಆ ಒಂದು ಪದಕ್ಕಾಗಿ ಹಾಳೆ ಮತ್ತೆ ಮಷಿನ್ನಿಗೆ ಹೋಗುತ್ತಿತ್ತು. ಆಗ ಬೇಸರ ಆಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಮಧ್ಯಾಹ್ನದ ಊಟದ ಹೊತ್ತು ಮೀರಿರುತ್ತಿತ್ತು.

ನಿಮ್ಮ ತಾಯಿಗೆ ಯಾರೂ ಓದಿ ಹೇಳಲಿಲ್ಲ. ಆ ಕೈದಿಗಾದರೂ ಓದಿ ಹೇಳಿದನಾ?

---

ಹೇಮಾವತಿ ದಂಡೆ

ಇಲ್ಲ ಸರ್. ಅದೇ ಸಿನಿಮಾದ ಅತಿ ಕೆಟ್ಟ ಗಳಿಗೆ. ಪೆರ್ರಿ ಕೇಳುತ್ತಲೇ ಇರುತ್ತಾನೆ: ಎಲ್ಲಿಗೆ ಬಂತು ಪುಸ್ತಕ, ನಾನು ನೋಡಬಹುದಾ? ಕಪೋಟಿ ಇನ್ನೂ ಹೆಚ್ಚೇನೂ ಬರೆದಿಲ್ಲ ಅನ್ನುತ್ತಾನೆ. ಅಷ್ಟರಲ್ಲಿ ನ್ಯೂಯಾರ್ಕಿನಲ್ಲಿ ತುಂಬಿದ ಸಭೆಗೆ ಓದಿ ಚಪ್ಪಾಳೆ ತೆಗೆದುಕೊಂಡಾಗಿದೆ. ‘ಇನ್ ಕೋಲ್ಡ್ ಬ್ಲಡ್’, ಅಂದರೆ ‘ತಣ್ಣನೆ ರಕ್ತದಲ್ಲಿ’, ಅನ್ನುವ ಪುಸ್ತಕದ ಹೆಸರು ಪೆರ್ರಿಗೆ ಪತ್ರಿಕೆಯ ತುಣುಕಿನಿಂದ ಗೊತ್ತಾಗುತ್ತದೆ. ಕೇಳಿದರೆ, ಅದು ಸಭೆ ಏರ್ಪಡಿಸಿದವರು ಜನ ಸೇರಲಿ ಅಂತ ಇಟ್ಟ ಹೆಸರು ಅಂತ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳುತ್ತಾನೆ. ಹಾಗೆ ಹೇಳಿಯೇ ಆ ರಾತ್ರಿ ಏನಾಯಿತು ಅಂತ ಅವನ ಬಾಯಿಂದ ಹೊರಡಿಸುತ್ತಾನೆ.

ನೀವು ಓದಿ ಹೇಳುತ್ತಿದ್ದಿರಿ ಅಂತ ತಿಳಿದು ಯಾಕೋ ಗಂಟಲು ಕಟ್ಟಿತು ಸರ್.

---

ಬಾಳೆಹೊನ್ನೂರು ರೈಟ್ರು

ನಮ್ಮ ತೋಟಗಳಲ್ಲಿ ರೈಟ್ರು ಅಂದರೆ ಚೆಕ್‌ರೋಲ್ ಬರೆಯುವವನು. ನಾನು ಅದೇ ಕೆಲಸದಲ್ಲಿದ್ದೇನೆ. ಯಾರು ಬಂದರು, ಎಷ್ಟು ಕೆ.ಜಿ. ಹಣ್ಣು ಕೊಯ್ದರು, ಅಷ್ಟೇ. ಕೊಯ್ದವರ ಎದುರಿಗೇ ತೂಕ ಹಾಕಿ ಎದುರಿಗೇ ಬರೆಯಬೇಕು. ಮರೆಯಲ್ಲಿ ಬರೆದರೆ ಒಂದು ವಾರದಲ್ಲಿ ಗಲಾಟೆ ಆಗುತ್ತದೆ. ಟೈಪಿಸ್ಟ್ ಸರ್ ಹೇಳಿದ್ದು ನೂರಕ್ಕೆ ನೂರು ಸರಿ.

ಏಣಿಯ ವಿಷಯ ಓದುವವರಿಗೆ ಒಂದು ಮಾತು. ತಂತಿ ಹಾದುಹೋಗುವ ಕಡೆ ಅಲ್ಯೂಮಿನಿಯಂ ಏಣಿ ಒಯ್ಯಬೇಡಿ, ಬಿದಿರಿನದೇ ಇರಲಿ. ಬಿದಿರೂ ಹಸಿ ಇದ್ದರೆ, ಮಳೆಯಲ್ಲಿ ನೆನೆದಿದ್ದರೆ ನಂಬಬೇಡಿ. ಲೈನ್ ಆಫ್ ಮಾಡಿಸದೆ ಆ ಸಾಲಿಗೆ ಆಳು ಬಿಡಬೇಡಿ.

---

ಯಗಚಿ ಹೊಳೆ (ಬೇಲೂರು)

ಎಲ್ಲರೂ ಪೆರ್ರಿ, ಕಪೋಟಿ ಅಂತಲೇ ಮಾತಾಡುತ್ತಿದ್ದೀರಿ. ಸತ್ತ ನಾಲ್ಕು ಜನ ಎಲ್ಲಿ? ಅಪ್ಪ ಹರ್ಬ್, ಅಮ್ಮ ಬಾನಿ, ಮಗಳು ನ್ಯಾನ್ಸಿಗೆ ಹದಿನಾರು, ಮಗ ಕೆನ್ಯನ್‌ಗೆ ಹದಿನೈದು. ಮನೆಯಲ್ಲಿ ದುಡ್ಡಿನ ಪೆಟ್ಟಿಗೆ ಇದೆ ಅಂತ ಜೈಲಿನಲ್ಲಿ ಯಾರೋ ಹೇಳಿದ್ದು ಕೇಳಿ ಬಂದರು, ಪೆಟ್ಟಿಗೆಯೇ ಇರಲಿಲ್ಲ. ಐವತ್ತು ಡಾಲರೂ ಸಿಗಲಿಲ್ಲ. ಕೊಂದವನಿಗೆ ಚಮಚದಲ್ಲಿ ತಿನ್ನಿಸುವ ದೃಶ್ಯ ನೋಡಿ ನಾವು ಕಣ್ಣೀರು ಹಾಕುತ್ತೇವೆ. ಆ ಹುಡುಗಿ ಸಿನಿಮಾದಲ್ಲಿ ಹೆಚ್ಚುಕಡಿಮೆ ಶವವಾಗಿ ಮಾತ್ರ ಇದ್ದಾಳೆ. ಬರಹಗಾರ ತಪ್ಪು ಮಾಡಿದ ಅಂತ ತೋರಿಸುವ ಸಿನಿಮಾವೂ ಅದೇ ತಪ್ಪನ್ನೇ ಮಾಡಿದೆ.

ಇನ್ನೊಂದು. ಕ್ಷಮಿಸಿ ಅಕ್ಕ, ನಿಮ್ಮ ಅಣ್ಣನನ್ನೂ ಈ ಕೊಲೆಗಾರರನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದಿತ್ತು. ನಿಮ್ಮ ಅಣ್ಣ ಯಾರಿಗೂ ಏನೂ ಮಾಡಿದವನಲ್ಲ.

---

ಬಾಬಾಬುಡನ್ ಮೇಷ್ಟ್ರು

ಯಗಚಿಯವರ ಮೊದಲ ಮಾತನ್ನು ಒಪ್ಪುತ್ತೇನೆ. ಅಲ್ಲಿ ಪುಸ್ತಕ ಸಿನಿಮಾಕ್ಕಿಂತ ಮೇಲು. ಮೊದಲ ಭಾಗದಲ್ಲಿ ಕ್ಲಟರ್ ಮನೆಯವರ ಕೊನೆಯ ದಿನ ಪೂರ್ತಿ ಇದೆ. ನ್ಯಾನ್ಸಿ ಪಕ್ಕದ ಮನೆಯ ಪುಟ್ಟ ಹುಡುಗಿಗೆ ಚೆರ್ರಿ ಹಣ್ಣಿನ ಪೈ ಮಾಡುವುದನ್ನು ಕಲಿಸಿದ್ದೂ ಇದೆ. ಅಂಥದ್ದನ್ನು ಊರವರಿಂದ ಕೇಳಿ ತಿಳಿದುಕೊಂಡದ್ದು ಇದೇ ಸುಳ್ಳುಗಾರ. ಕೇಳದೇ ಹೋಗಿದ್ದರೆ ಆ ಹುಡುಗಿಯ ಹೆಸರು ಬೇಲೂರಿನಲ್ಲಿ ಕೂತ ನಿಮಗೂ ಚಿಕ್ಕಮಗಳೂರಿನಲ್ಲಿ ಕೂತ ನನಗೂ ಗೊತ್ತಾಗುತ್ತಿರಲಿಲ್ಲ.

ಇದೇ ಹಾಸನದಲ್ಲಿ ವಕೀಲಿಕೆ ಮಾಡುತ್ತಾ ಕಥೆ ಬರೆದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸಂಭ್ರಮಪಟ್ಟೆವು. ಕಷ್ಟ ಹೇಳಿಕೊಂಡು ಬಂದ ಹೆಂಗಸರ ನೋವಿನಿಂದ ತಮ್ಮ ಕಥೆಗಳು ಹುಟ್ಟಿದವು ಅಂತ ಅವರೇ ಹೇಳಿದ್ದಾರೆ. ಇನ್ನೊಬ್ಬರ ಬದುಕನ್ನು ಮುಟ್ಟದೆ ಬರೆಯಲು ಆಗುವುದಿಲ್ಲ. ಕೇಳಿಸಿಕೊಂಡ ಮೇಲೆ ಅವರ ಜೊತೆಯಲ್ಲೇ ಅದೇ ಊರಿನಲ್ಲಿ ಬಾಳುವುದು ಬೇರೆ, ಮೂರು ದಿನ ಕೂತು ಎದ್ದು ಹೋಗುವುದು ಬೇರೆ. ಸಿನಿಮಾದ ಕೊನೆಯಲ್ಲಿ ತೆರೆಯ ಮೇಲೆ ಬರುವ ಸಾಲುಗಳನ್ನು ನೋಡಿದಿರಲ್ಲ, ಇದಾದ ಮೇಲೆ ಅವನು ಇನ್ನೊಂದು ಪುಸ್ತಕ ಮುಗಿಸಲಿಲ್ಲ ಅಂತ. ಬಿಡಿ ಬರಹಗಳ ಸಂಕಲನಗಳು ಬಂದವು, ದೊಡ್ಡ ಕಾದಂಬರಿ ಅರ್ಧಕ್ಕೇ ನಿಂತಿತು. 1984ರಲ್ಲಿ, ಅರವತ್ತಕ್ಕೆ ಒಂದು ತಿಂಗಳು ಇರುವಾಗ ಸತ್ತ. ಕುಡಿತ ಮಾತ್ರ ಕಾರಣ ಅಂತ ನಾನು ನಂಬುವುದಿಲ್ಲ.

---

ಕಡೂರು ಬಯಲು

ಮೇಷ್ಟ್ರೆ, ಪೈ ಮಾತು ಓದಿ ಪುಸ್ತಕ ಹುಡುಕುತ್ತಿದ್ದೇನೆ. ನಮ್ಮ ಕಡೆ ಲೈಬ್ರರಿಯಲ್ಲಿ ಇಲ್ಲ. ನಿಮ್ಮ ಹತ್ತಿರ ಇದ್ದರೆ ಚಿಕ್ಕಮಗಳೂರಿಗೆ ಬಂದಾಗ ತೆಗೆದುಕೊಳ್ಳಬಹುದಾ?

ಬಾಬಾಬುಡನ್ ಮೇಷ್ಟ್ರು

ಬನ್ನಿ. ಭಾನುವಾರ ಬೆಳಗ್ಗೆ ಟೌನ್ ಕ್ಯಾಂಟೀನ್ ಹತ್ತಿರ ಇರುತ್ತೇನೆ. ಪೆನ್ಸಿಲ್ಲಿನಲ್ಲಿ ಗೀಚಿದ್ದೇನೆ, ಅಳಿಸಬೇಡಿ.

---

ಹೇಮಾವತಿ ದಂಡೆ

ಯಗಚಿಯವರೇ, ಬೇಸರ ಇಲ್ಲ, ನೀವು ಹೇಳಿದ್ದು ನ್ಯಾಯ. ಅಣ್ಣನನ್ನು ಪೆರ್ರಿ ಪಕ್ಕ ಇಟ್ಟಿಲ್ಲ. ಇಟ್ಟದ್ದು ಅವ್ವನನ್ನು. ಅವಳೂ ಯಾರಿಗೂ ಕೆಟ್ಟದ್ದು ಮಾಡಿದವಳಲ್ಲ, ಆದರೆ ಬಂದವರಿಗೆ ಟ್ರಂಕು ತೆಗೆದು ತೋರಿಸಿದ್ದು ಅವಳೇ.

ಟೈಪಿಸ್ಟ್ ಸರ್, ನಿಮಗೆ ಹೇಳಬೇಕಾದ್ದು ಒಂದು ಉಳಿದಿದೆ. ಅವ್ವನಿಗೆ ಓದಿ ಹೇಳಿದವರು ಯಾರೂ ಇಲ್ಲ ಅಂತ ಬರೆದಿರಿ. ನಾನು ಓದುತ್ತಿದ್ದೆ. ಪ್ರತಿ ವರ್ಷ ಪಿತೃಪಕ್ಷದಲ್ಲಿ ಎಡೆ ಇಟ್ಟಾದ ಮೇಲೆ ಆ ಪುಸ್ತಕವನ್ನು ತೆಗೆಸುತ್ತಿದ್ದಳು. ಒಲೆ ಪಕ್ಕ ಗೋಡೆಗೆ ಒರಗಿ ಕೂತು, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅಣ್ಣ ಬೆಳಗ್ಗೆ ಎದ್ದು ಮೊದಲು ಕೋಳಿಗೂಡು ತೆಗೆಯುತ್ತಿದ್ದದ್ದು, ಎರಡನೇ ಲೋಟ ಕಾಫಿಗೆ ಬೆಲ್ಲ ಹೆಚ್ಚು ಕೇಳುತ್ತಿದ್ದದ್ದು ಎಲ್ಲ ಅದರಲ್ಲಿದೆ. ಚೆನ್ನಾಗಿಯೇ ಬರೆದಿದ್ದಾರೆ, ಇದನ್ನು ಒಪ್ಪಿಕೊಳ್ಳಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಎರಡನೇ ಪುಟದ ನಡುವೆ ಅವ್ವನ ಮುಖದ ಬಗ್ಗೆ ಒಂದು ಸಾಲು ಇದೆ. ಅವಳು ಅಳಲಿಲ್ಲ ಅನ್ನುವುದಕ್ಕೆ ಅವರು ಕೊಟ್ಟುಕೊಂಡ ಅರ್ಥ. ಅವಳು ಅತ್ತದ್ದು ಹಟ್ಟಿಯಲ್ಲಿ, ಹಾಲು ಕರೆಯುವಾಗ, ಅವರಿಗೆ ಕಾಣಿಸಿರಲಿಲ್ಲ ಅಷ್ಟೇ. ಅವಳು ಇದ್ದಷ್ಟು ವರ್ಷವೂ ಆ ಸಾಲು ಬಂದಾಗ ಉಸಿರು ಎಳೆದುಕೊಂಡು ಮುಂದಿನ ಸಾಲಿಗೆ ಹೋಗುತ್ತಿದ್ದೆ.

ಅವ್ವ ಹೋಗಿ ನಾಲ್ಕು ವರ್ಷ ಆಯಿತು. ಹೋದ ಪಿತೃಪಕ್ಷದಲ್ಲಿ ನನ್ನ ಮಗಳು ಅದನ್ನು ತೆಗೆದು ತಾನೇ ಓದತೊಡಗಿದಳು. ಆ ಸಾಲನ್ನೂ ಓದಿದಳು. ‘ಅಮ್ಮಾ, ಅಜ್ಜಿ ಹೀಗಿರಲಿಲ್ಲವಲ್ಲ’ ಅಂದಳು. ಪೆನ್ಸಿಲ್ ತಂದು ಪಕ್ಕದ ಜಾಗದಲ್ಲಿ ಹಟ್ಟಿಯ ವಿಷಯ ಬರೆಯಲು ಹೇಳಿದೆ. ಬರೆದು ಮುಗಿಸಿ ನನಗೆ ಓದಿ ಹೇಳಿದಳು. ಸರಿ ಇದೆ ಅಂದೆ.